ಲಿಂಕ್ ಅಂಟಿಸುವ ಮುಂಚೆ: ಅದು ಪುಸ್ತಕವೋ, ಲೇಖನವೋ, ಥೀಸಿಸ್ಸೋ?

ನಿಮ್ಮ ಬರಹದ ಆಕರಪಟ್ಟಿಯಲ್ಲಿ ಗೂಗಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ‘ವೆಬ್‌ಸೈಟ್’ ಅಂತ ಬರೆದು ಲಿಂಕ್ ಅಂಟಿಸಬೇಡಿ. ಪಿಡಿಎಫ್ ಅನ್ನುವುದು ಬರೀ ಫೈಲು. ಅದರೊಳಗೆ ಪುಸ್ತಕ ಇರಬಹುದು, ಸರ್ಕಾರಿ ವರದಿ ಇರಬಹುದು, ಯಾರದೋ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯವೂ ಇರಬಹುದು.

ಮೊದಲು ಶೀರ್ಷಿಕೆ ಪುಟ ಹುಡುಕಿ. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನೇ ನೋಡಿ, ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಅದರ ಸ್ಕ್ಯಾನ್ ಇದೆ. ಅಲ್ಲಿ ಅಪ್‌ಲೋಡ್ ಮಾಡಿದವರ ಹೆಸರು, ದಿನಾಂಕ ಎಲ್ಲ ಕಾಣುತ್ತದೆ, ಆದರೆ ನಿಮಗೆ ಬೇಕಾದದ್ದು ಒಳಗಿನ ಪುಟದಲ್ಲಿರುವ ‘ಮಂಗಳೂರು, 1894’. ಅದು ಪುಸ್ತಕ, ಆರ್ಕೈವ್ ಅದನ್ನು ಇಟ್ಟಿರುವ ಜಾಗ ಅಷ್ಟೇ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯ ತಂದ ಆವೃತ್ತಿ ಬೇರೆ. ನಿಮ್ಮ ಕೈಯಲ್ಲಿರುವುದು ಯಾವುದು ಅಂತ ನೋಡದೆ ಪುಟಸಂಖ್ಯೆ ಕೊಟ್ಟರೆ ಓದುವವರಿಗೆ ಅದು ಸಿಗುವುದೇ ಇಲ್ಲ.

ಜಾಸ್ತಿ ಗೊಂದಲ ಆಗುವುದು ಶೋಧಗಂಗಾದಲ್ಲಿ, ಅಂದರೆ ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್ಸುಗಳನ್ನು (ಪಿಎಚ್‌.ಡಿ. ಪ್ರಬಂಧಗಳನ್ನು) ಇಟ್ಟಿರುವ ತಾಣದಲ್ಲಿ. ಅಲ್ಲಿ ಒಂದೇ ಥೀಸಿಸ್ಸನ್ನು ಶೀರ್ಷಿಕೆ, ಪ್ರಮಾಣಪತ್ರ, ಅಧ್ಯಾಯ ಅಂತ ಬೇರೆ ಬೇರೆ ಫೈಲುಗಳಾಗಿ ಹಾಕಿರುತ್ತಾರೆ, ಹುಡುಕಾಟದಲ್ಲಿ ಮೂರನೇ ಅಧ್ಯಾಯ ಮಾತ್ರ ಸಿಕ್ಕರೆ ಪುಸ್ತಕದ ಅಧ್ಯಾಯ ಅನ್ನಿಸಿಬಿಡುತ್ತದೆ. ಶೋಧಗಂಗಾದಲ್ಲಿ ಆ ಥೀಸಿಸ್ಸಿನ ಮುಖ್ಯ ಪುಟಕ್ಕೆ ಹೋಗಿ, ಶೀರ್ಷಿಕೆಯ ಫೈಲು ತೆರೆಯಿರಿ. ಸಂಶೋಧಕರು, ವಿಶ್ವವಿದ್ಯಾಲಯ, ವರ್ಷ ಅಲ್ಲೇ ಇರುತ್ತವೆ.

ಸಂಪುಟ, ಸಂಚಿಕೆ, 8 ಅಂಕಿಯ ಐಎಸ್‌ಎಸ್‌ಎನ್ ಅನ್ನುವ ಗುರುತುಸಂಖ್ಯೆ ಇದ್ದರೆ ಅದು ನಿಯತಕಾಲಿಕೆ. ಐಎಸ್‌ಬಿಎನ್ ಅನ್ನುವ ಗುರುತುಸಂಖ್ಯೆ ಇದ್ದರೆ ಸಾಮಾನ್ಯವಾಗಿ ಪುಸ್ತಕ: 2007ರಿಂದ 13 ಅಂಕಿ, ಅದಕ್ಕೂ ಹಿಂದಿನದರಲ್ಲಿ 10. ತುಂಬಾ ಹಳೆಯ ಪುಸ್ತಕಗಳಲ್ಲಿ ಅದೂ ಇರುವುದಿಲ್ಲ, ಗಾಬರಿ ಬೇಡ.

ವಿಜ್ಞಾನದ ವಿದ್ಯಾರ್ಥಿಗಳು ಆರ್ಕೈವ್ ಅಂದರೆ ಇನ್ನೊಂದನ್ನು ನೆನೆಯುತ್ತಾರೆ, 1991ರಲ್ಲಿ ಶುರುವಾದ ಪ್ರಿಪ್ರಿಂಟ್ ತಾಣ (arXiv). ಪ್ರಿಪ್ರಿಂಟ್ ಅಂದರೆ ಜರ್ನಲ್‌ನಲ್ಲಿ ಬರುವ ಮುಂಚೆಯೇ ಹಂಚಿಕೊಂಡ ಲೇಖನ. ಅಲ್ಲಿರುವುದನ್ನು ಬೇರೆ ತಜ್ಞರು ಪರಿಶೀಲಿಸಿಯೇ ಇರುತ್ತಾರೆ ಅಂತ ಹೇಳಲಾಗದು. ಅದೇ ಲೇಖನ ಆಮೇಲೆ ಜರ್ನಲ್‌ನಲ್ಲಿ ಬಂದಿದೆಯಾ ಅಂತ ಹುಡುಕಿ. ಬಂದಿದ್ದರೆ ಎರಡನ್ನೂ ಹೋಲಿಸಿ ನೋಡಿ, ಎಷ್ಟೋ ಸಲ ಅಂಕಿಅಂಶ ಬದಲಾಗಿರುತ್ತದೆ. ನೀವು ಓದಿದ್ದು ಪ್ರಿಪ್ರಿಂಟ್ ಆದರೆ ಪ್ರಿಪ್ರಿಂಟ್ ಅಂತಲೇ ಬರೆಯಿರಿ.

ಪತ್ರಿಕೆಯದ್ದಾದರೆ ಸುದ್ದಿಯೋ, ಅಂಕಣವೋ, ಜಾಹೀರಾತು ಬರಹವೋ ನೋಡಿ. ವಿಕಿಪೀಡಿಯ ಆದರೆ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ, ಮೂಲ ಓದಿದ ಮೇಲಷ್ಟೇ ಅದನ್ನು ಉಲ್ಲೇಖಿಸಿ.

ಹೆಸರೂ ಇಲ್ಲ, ವರ್ಷವೂ ಇಲ್ಲ ಅಂದರೆ ಅದರ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಆಗಲೂ ಮೂಲ ಸಿಗದಿದ್ದರೆ ನಿಮ್ಮ ವಾದಕ್ಕೆ ಅದನ್ನು ಆಧಾರವಾಗಿ ಕೊಡಬೇಡಿ.