ನಾಡಿಯ ಲೆಕ್ಕ ಬಿಟ್ಟು ಮಾತಿಗೆ ಕಿವಿಗೊಟ್ಟೆ: ಗರ್ಭಿಣಿಯರ ಏರೋಬಿಕ್ಸ್ ಬ್ಯಾಚ್ ನಡೆಸಿದ ನನ್ನ ಅನುಭವ

ಗರ್ಭಿಣಿಯರಿಗೆಂದೇ ಪ್ರತ್ಯೇಕ ಏರೋಬಿಕ್ಸ್ ಬ್ಯಾಚ್ ಮಾಡುತ್ತೇನೆ ಎಂದಾಗ ಜೊತೆಯ ತರಬೇತುದಾರರಲ್ಲಿ ಒಬ್ಬರೂ ಹುರಿದುಂಬಿಸಲಿಲ್ಲ. "ನಾಡಿ ನೋಡದೆ ಬಸುರಿಯರನ್ನು ಕುಣಿಸುತ್ತೀರಾ?" ಎಂದು ಹಿರಿಯರೊಬ್ಬರು ಎದುರಿಗೇ ಕೇಳಿದರು. ಈಗ ಆ ಬ್ಯಾಚಿಗೆ ಸೇರಲು ಸರದಿ ಕಾಯುವವರಿದ್ದಾರೆ. ತಮ್ಮಲ್ಲಿಗೆ ಬರುವ ಗರ್ಭಿಣಿಯರನ್ನು ಆ ಹಿರಿಯರೂ ನನ್ನತ್ತ ಕಳುಹಿಸುತ್ತಿದ್ದಾರೆ.

ಶುರುವಿನಲ್ಲಿ ನಾನೂ ನಾಡಿಯನ್ನೇ ನಂಬಿದ್ದೆ. ನಿಮಿಷಕ್ಕೆ 140 ಬಡಿತ ದಾಟಬಾರದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ 1985ರಲ್ಲಿ ಹಾಕಿದ್ದ ಮಿತಿಯನ್ನು 1994ರಲ್ಲಿ ಅದೇ ಕೈಬಿಟ್ಟಿತು. ನಮ್ಮ ವೃತ್ತಿಯಲ್ಲಿ ಅದು ಇಂದಿಗೂ ಓಡಾಡಿಕೊಂಡಿದೆ. ಎದೆಗೆ ಕಟ್ಟುವ ನಾಡಿಪಟ್ಟಿಗಳಿಗೇ ಮೊದಲ ಬ್ಯಾಚಿನ ಶುಲ್ಕದ ಬಹುಪಾಲು ಹೋಯಿತು. ಹೊಟ್ಟೆ ಬೆಳೆದಂತೆ ಪಟ್ಟಿ ಜಾರುತ್ತಿತ್ತು. ಗರ್ಭಿಣಿಯರಲ್ಲಿ ಸುಮ್ಮನೆ ಕುಳಿತಾಗಲೇ ನಾಡಿ ಹತ್ತಿಪ್ಪತ್ತು ಬಡಿತ ಏರಿರುತ್ತದೆ. ಒಬ್ಬರು 130ಕ್ಕೇ ಏದುಸಿರು ಬಿಟ್ಟರೆ, ಇನ್ನೊಬ್ಬರು 150ರಲ್ಲಿ ನಿರಾಳವಾಗಿ ಹರಟುತ್ತಿದ್ದರು. ಎಲ್ಲರ ಕಣ್ಣೂ ಆ ಅಂಕಿಯ ಮೇಲೆ, ಮುಖದಲ್ಲಿ ಹೆದರಿಕೆ. ಪಟ್ಟಿಗಳನ್ನೆಲ್ಲ ಅರ್ಧ ಬೆಲೆಗೆ ಮಾರಿದೆ.

ಅವುಗಳ ಬದಲು ಮಾತಿನ ಪರೀಕ್ಷೆ ಹಿಡಿದೆ: ವ್ಯಾಯಾಮದ ನಡುವೆ ಸಲೀಸಾಗಿ ಮಾತನಾಡಲು ಆದರೆ ಶ್ರಮ ಮಿತಿಯಲ್ಲಿದೆ ಎಂದರ್ಥ. ಆದರೆ "ಮಾತನಾಡಲು ಆಗುತ್ತಿದೆಯೇ?" ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಹಾಗಾಗಿ ಹೆಜ್ಜೆ ಹಾಕುತ್ತಿರುವಾಗಲೇ ಒಬ್ಬೊಬ್ಬರಿಗೂ ನಿಜವಾದ ಪ್ರಶ್ನೆ ಹಾಕುತ್ತೇನೆ; ಏಳೆಂಟು ಪದಗಳ ಪೂರ್ತಿ ವಾಕ್ಯದಲ್ಲಿ ಉತ್ತರ ಬರಬೇಕು. ಆರನೇ ತಿಂಗಳಿನವರೊಬ್ಬರು "ನಿನ್ನೆ ರಾತ್ರಿ ಮಗು ತುಂಬಾ..." ಎಂದು ನಿಂತು, ಉಸಿರೆಳೆದುಕೊಂಡು "ಒದೆಯಿತು" ಎಂದರು. ಮುಖದಲ್ಲಿ ನಗುವಿತ್ತು, ದಣಿವಿನ ಸುಳಿವೇ ಇರಲಿಲ್ಲ. ವಾಕ್ಯ ಮುಗಿಯುವ ಮೊದಲೇ ಉಸಿರು ತುಂಡಾದರೆ ಮೊದಲು ಕೈಗಳನ್ನು ಇಳಿಸುತ್ತೇನೆ, ಆಮೇಲೆ ಹತ್ತಿ ಇಳಿಯುವ ಸ್ಟೆಪ್ ಹಲಗೆ ತೆಗೆಸುತ್ತೇನೆ, ಕೊನೆಗೆ ವೇಗ. ಪೂರ್ತಿ ವಾಕ್ಯ ಹೇಳಬಲ್ಲ ಈ ಮಟ್ಟ, ತಮಗಾದ ಶ್ರಮವನ್ನು 6ರಿಂದ 20ರವರೆಗೆ ತಾವೇ ಅಂದಾಜಿಸುವ ಬೋರ್ಗ್ ಅಳತೆಯ 13-14ಕ್ಕೆ ಚೆನ್ನಾಗಿ ಹೊಂದುತ್ತದೆ. ಯಾವ ನಿಮಿಷಕ್ಕೆ ಯಾವ ಪ್ರಶ್ನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಅದನ್ನು ಕೂಡಿಸಲು ನನಗೆ ಎರಡು ವರ್ಷವೇ ಹಿಡಿಯಿತು.

ಹಲಗೆಯನ್ನು ಆರು ಇಂಚಿನಿಂದ ನಾಲ್ಕಕ್ಕೆ ಇಳಿಸಿದೆ. ಆರನೇ ತಿಂಗಳ ನಂತರ ನೆಲವೇ ಸಾಕು. ಗರ್ರನೆ ತಿರುಗುವ ಹೆಜ್ಜೆಗಳನ್ನು ಪೂರ್ತಿ ಬಿಟ್ಟೆ. ಸಂಗೀತ ನಿಮಿಷಕ್ಕೆ 128 ಬೀಟ್‌ನಿಂದ 118ರ ಆಸುಪಾಸಿಗೆ ಬಂತು. ಅದಕ್ಕಿಂತ ನಿಧಾನವಾದರೆ ಆಕಳಿಕೆ ಶುರು. ಅರ್ಧ ಗರ್ಭಾವಧಿ ದಾಟಿದವರನ್ನು ಅಂಗಾತ ಮಲಗಿಸುವುದಿಲ್ಲ. ಗರ್ಭಕೋಶದ ಭಾರ ದೊಡ್ಡ ಅಭಿಧಮನಿಯ ಮೇಲೆ ಬಿದ್ದು ತಲೆಸುತ್ತು ಬರುತ್ತದೆ. ನೆಲದ ವ್ಯಾಯಾಮವೆಲ್ಲ ಮಗ್ಗುಲಾಗಿ ಅಥವಾ ಕೈ ಮೊಣಕಾಲೂರಿ.

ನಡುವೆ ಈಜುಕೊಳದಲ್ಲೂ ಪ್ರಯತ್ನಿಸಿದೆ. ಎದೆಮಟ್ಟದ ನೀರಿನಲ್ಲಿ ಜಾಗಿಂಗ್ ಮಾಡಿದ ಮೇಲೆ ಪಾದದ ಊತ ಇಳಿಯಿತು ಎಂದು ಹಲವರು ಹೇಳಿದರು. ಎಂಟನೇ ತಿಂಗಳಿನವರಂತೂ ಹೊರಗೆ ಬರಲೊಲ್ಲರು. ಕೊಳದ ಬಾಡಿಗೆ ಮಾತ್ರ ಎರಡು ಬ್ಯಾಚುಗಳ ಆದಾಯವನ್ನು ನುಂಗಿತು. ಬಾಡಿಗೆ ಹಂಚಿಕೊಳ್ಳುವವರು ಸಿಕ್ಕರೆ ನಾಳೆಯೇ ಮತ್ತೆ ನೀರಿಗಿಳಿಸುತ್ತೇನೆ.

ವೈದ್ಯರ ಚೀಟಿ ಇಲ್ಲದೆ ಯಾರನ್ನೂ ಸೇರಿಸುವುದಿಲ್ಲ. ಸೇರಿದ ಮೇಲೆ ಮಾಸು ಗರ್ಭದ್ವಾರಕ್ಕೆ ಅಡ್ಡವಿದೆ ಎಂದೋ ಗರ್ಭನಂಜು (ರಕ್ತದೊತ್ತಡ ಏರುವ ತೊಂದರೆ) ಎಂದೋ ತಿಳಿದರೆ ಶುಲ್ಕ ವಾಪಸ್. ರಕ್ತಸ್ರಾವ, ನೀರು ಸೋರುವುದು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ತಲೆಸುತ್ತು, ಎದೆನೋವು, ಮೀನಖಂಡದ ನೋವು ಇವುಗಳಲ್ಲಿ ಯಾವುದು ಕಂಡರೂ ಸಂಗೀತ ನಿಲ್ಲುತ್ತದೆ, ವೈದ್ಯರಿಗೆ ಫೋನ್ ಹೋಗುತ್ತದೆ. "ಇನ್ನು ಐದೇ ನಿಮಿಷ ಮುಗಿಸಿಬಿಡುತ್ತೇನೆ" ಎನ್ನುವವರ ಮಾತನ್ನು ಕೇಳುವುದೇ ಇಲ್ಲ.

ದುಡ್ಡು ಕೈಗೆ ಹತ್ತಿದ್ದು ತಡವಾಗಿ. ಮೂರು ತಿಂಗಳ ಶುಲ್ಕ ಮುಂಗಡ ಕೇಳಿದರೆ ಅರ್ಧಕ್ಕರ್ಧ ಜನ ವಾಂತಿ, ಬೆಡ್‌ರೆಸ್ಟ್, ಅವಧಿಗೆ ಮುಂಚಿನ ಹೆರಿಗೆ ಎಂದು ಬಿಡುತ್ತಿದ್ದರು. ಮರಳಿಸುವುದರಲ್ಲೇ ನಾನು ಹೈರಾಣಾದೆ. ವಾರದ ಲೆಕ್ಕಕ್ಕೆ ಬದಲಾಯಿಸಿದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೇಳುವ ವಾರಕ್ಕೆ 150 ನಿಮಿಷದ ವ್ಯಾಯಾಮದ ಗುರಿಯಲ್ಲಿ ನೂರರಷ್ಟು ನನ್ನಲ್ಲಿ, ಉಳಿದದ್ದು ಅವರವರ ನಡಿಗೆ. ಸಭಾಂಗಣ ಖಾಲಿ ಬಿದ್ದಿರುವ ನಡುಬೆಳಗಿನ ಹೊತ್ತನ್ನು ಹಿಡಿದಿದ್ದರಿಂದ ಬಾಡಿಗೆ ಅರ್ಧಕ್ಕಿಳಿಯಿತು. ಒಂಬತ್ತನೇ ತಿಂಗಳಿಗೆ ಬಂದವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹೊಸಬರ ಹೆದರಿಕೆ ಬಿಡಿಸಲು ಮುಂದಿನ ಸಾಲಿನಲ್ಲಿ ಅವರೇ ಇರಬೇಕು.