ಅರ್ಧ ಮಿಲಿಮೀಟರ್ ವಾಲ್‌ನಟ್: ಹಡಗಿಗೆ ಹಲಗೆ ಹೊದಿಸಿದ ನನ್ನ ಅನುಭವ

ವಾಲ್‌ನಟ್ (ಅಕ್ರೋಟ್) ಮರದ ಪಟ್ಟಿ 0.5 ಮಿ.ಮೀ. ದಪ್ಪ, 4 ಮಿ.ಮೀ. ಅಗಲ. ಎರಡು ಪೋಸ್ಟ್‌ಕಾರ್ಡ್ ಒಟ್ಟಿಗೆ ಹಿಡಿದರೆ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ. ಇಂಥ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಒಂದು ಮಾದರಿ ಹಡಗಿನ ಮೈ ಪೂರ್ತಿ ಮುಚ್ಚೋದಕ್ಕೆ ನನಗೆ 7 ತಿಂಗಳು ಹಿಡಿಯಿತು. ಕೆಲಸ ಮುಗಿಸಿ ಬಂದು ಊಟ ಆದ ಮೇಲೆ ದಿನಾ ಒಂದೂವರೆ ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ.

ತುಮಕೂರಿಗೂ ಹಡಗಿಗೂ ಏನು ಸಂಬಂಧ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಮ್ಮೂರಲ್ಲಿ ನೀರು ಅಂದರೆ ಅಮಾನಿಕೆರೆ, ಅಷ್ಟೇ. ನನಗೆ ಹಿಡಿಸಿದ್ದು ಸಮುದ್ರ ಅಲ್ಲ, ಮರ. ಚಪ್ಪಟೆ ಹಲಗೆಗಳನ್ನೇ ಜೋಡಿಸಿ ದುಂಡಗಿನ ಹೊಟ್ಟೆ ಮಾಡುತ್ತಾರಲ್ಲ, ಅದು ಹೇಗೆ ಅಂತ ಕೈಯಲ್ಲೇ ಮಾಡಿ ತಿಳಿಯಬೇಕು ಅನ್ನಿಸಿತ್ತು.

ಆರಿಸಿಕೊಂಡಿದ್ದು ಬೌಂಟಿ, 1:64 ಅಳತೆಯಲ್ಲಿ. ಇದು 1784ರಲ್ಲಿ ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಕಟ್ಟಿದ ಸರಕಿನ ಹಡಗು, ಆಗ ಹೆಸರು ಬೆಥಿಯಾ. 1787ರಲ್ಲಿ ಬ್ರಿಟಿಷ್ ನೌಕಾಪಡೆ ಕೊಂಡುಕೊಂಡು ಹೆಸರು ಬದಲಾಯಿಸಿ, ತಾಹಿತಿಯಿಂದ ದೀವಿಹಲಸಿನ ಗಿಡ ತರೋದಕ್ಕೆ ಕಳಿಸಿತು. ಮಂಗಳೂರು ಕಡೆಯವರು ಜೀಗುಜ್ಜೆ ಅಂತಾರಲ್ಲ, ಅದೇ. ವಾಪಸ್ ಬರೋವಾಗ 1789ರ ಏಪ್ರಿಲ್ 28ರಂದು ನಾವಿಕರು ದಂಗೆ ಎದ್ದು, ಹಡಗಿನ ನಾಯಕ ಬ್ಲೈ ಮತ್ತು 18 ಜನರನ್ನು 23 ಅಡಿಯ ದೋಣಿಯಲ್ಲಿ ಇಳಿಸಿಬಿಟ್ಟರು. ಕಥೆ ದೊಡ್ಡದು, ಬಿಡಿ. ಹಲಗೆ ಹೊದಿಸೋನಿಗೆ ಮುಖ್ಯವಾದದ್ದು ಬೇರೆ: ಸರಕು ಜಾಸ್ತಿ ಹಿಡಿಸಲಿ ಅಂತ ಇದರ ಹೊಟ್ಟೆ ದಪ್ಪ, ಮೂತಿ ಮಡಕೆ ಹಾಗೆ ದುಂಡು. ಚೂಪು ಮೂತಿಯ ಹಡಗಾದರೆ ಪಟ್ಟಿ ಸಲೀಸಾಗಿ ಹೋಗುತ್ತೆ. ಇಲ್ಲಿ ಮೂತಿಯ ಹತ್ತಿರ ಪಟ್ಟಿ ಒಮ್ಮೆಲೇ ಒಳಕ್ಕೆ ತಿರುಗಬೇಕು, ಜೊತೆಗೆ ಸ್ವಲ್ಪ ಮುರುಚಿಕೊಳ್ಳಲೂ ಬೇಕು.

ಜೋಡಿಸಿ ಮಾಡೋ ಬಿಡಿಭಾಗಗಳ ಕಿಟ್ ಹೊರದೇಶದಿಂದ ಬಂತು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿ ಹೋಗಿ, ವಾಲ್‌ನಟ್ ಪಟ್ಟಿಗಳಲ್ಲಿ 14 ಮುರಿದಿದ್ದವು. ಬೇಜಾರಾಯಿತು, ಆದರೆ ಆ ಪಟ್ಟಿಗಳು ಆಮೇಲೆ ಉಪಯೋಗಕ್ಕೇ ಬಂದವು. ಅದನ್ನು ಮುಂದೆ ಹೇಳುತ್ತೇನೆ.

ನಿಜವಾದ ಹಡಗುಗಳನ್ನು ವಾಲ್‌ನಟ್‌ನಲ್ಲಿ ಕಟ್ಟುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಓಕ್, ನಮ್ಮ ಬಾಂಬೆಯಲ್ಲಿ ತೇಗ. ವಾಡಿಯಾ ಮನೆತನದವರು ಬಾಂಬೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಹಾಗಿದ್ದರೆ ನಾನೂ ತೇಗವನ್ನೇ ಯಾಕೆ ಹಾಕಬಾರದು ಅಂತ ನಮ್ಮ ಬೀದಿಯ ಆಚಾರ್ ಹತ್ತಿರ ಒಂದು ತುಂಡು ತೇಗದ ವಿನೀರ್ (ತೆಳು ಮರದ ಹಾಳೆ) ತಂದು ಪಟ್ಟಿ ಕತ್ತರಿಸಿ ಇಟ್ಟು ನೋಡಿದೆ. ತೇಗದ ರಂಧ್ರ, ಗೆರೆ ಎಲ್ಲ ದೊಡ್ಡವು. ಬಾಗಿಲಿನ ಮೇಲೆ ಅದೇ ಚೆಂದ. ಆದರೆ 64 ಪಟ್ಟು ಚಿಕ್ಕದು ಮಾಡಿದ ಹಡಗಿನ ಮೇಲೆ ಒಂದೊಂದು ಗೆರೆಯೂ ಬಿರುಕು ಬಿಟ್ಟ ಹಾಗೆ ಕಾಣುತ್ತೆ. ವಾಲ್‌ನಟ್ ನಾರು ಸಣ್ಣ, ಬಣ್ಣ ಗಾಢ, ಬಣ್ಣ ಹಚ್ಚದೇನೇ ಹಳೇ ಮರದ ಕಳೆ ಬರುತ್ತೆ.

ಈಗ ಕೆಲಸಕ್ಕೆ ಬರೋಣ. ವಾಲ್‌ನಟ್ ಹೊದಿಕೆ ಚೆನ್ನಾಗಿ ಬರೋದು ವಾಲ್‌ನಟ್ ಕೈಗೆ ತಗೊಳ್ಳೋ ಮುಂಚೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಡುವೆ ಪ್ಲೈವುಡ್ಡಿನ ಕೀಲ್, ಅಂದರೆ ಹಡಗಿನ ಬೆನ್ನೆಲುಬು, ಅದಕ್ಕೆ ಅಡ್ಡಡ್ಡ 11 ಚೌಕಟ್ಟು, ಮೀನಿನ ಮುಳ್ಳಿನ ಹಾಗೆ. ಆ ಚೌಕಟ್ಟುಗಳ ಅಂಚು ನೇರ ಕತ್ತರಿಸಿರುತ್ತೆ. ಮೂತಿ ಮತ್ತು ಹಿಂಭಾಗದಲ್ಲಿ ಹಲಗೆ ಓರೆಯಾಗಿ ಹಾದು ಹೋಗೋದರಿಂದ ಅಂಚನ್ನೂ ಅದೇ ಓರೆಗೆ ಉಜ್ಜಬೇಕು, ಇಲ್ಲದಿದ್ದರೆ ಹಲಗೆ ಒಂದು ಚೂಪು ಮೂಲೆಯ ಮೇಲೆ ಮಾತ್ರ ಕೂರುತ್ತೆ. ಒಂದು ಉದ್ದ ಪಟ್ಟಿಯನ್ನು ಮೂತಿಯಿಂದ ಹಿಂದಿನವರೆಗೆ ಬೆರಳಲ್ಲಿ ಒತ್ತಿ ಹಿಡಿದು, ಯಾವ ಚೌಕಟ್ಟಿನ ಹತ್ತಿರ ಬೆಳಕು ತೂರುತ್ತೆ, ಯಾವುದು ಪಟ್ಟಿಯನ್ನು ಹೊರಕ್ಕೆ ತಳ್ಳುತ್ತೆ ಅಂತ ನೋಡುತ್ತಾ ಉಜ್ಜಿದೆ. ಇದಕ್ಕೇ 3 ವಾರ. ಮೂತಿಯ ಖಾಲಿ ಜಾಗಕ್ಕೆ ಸೇಬಿನ ಪೆಟ್ಟಿಗೆಯ ಮೆದು ಮರ ತುಂಬಿ, ಅರ ಹಾಕಿ ದುಂಡು ಮಾಡಿದೆ.

ಮೊದಲ ಪದರ 1.5 ಮಿ.ಮೀ. ದಪ್ಪದ ಲೈಮ್ ಮರದ್ದು. ಲೈಮ್ ಅಂದರೆ ಇಲ್ಲಿ ನಿಂಬೆ ಅಲ್ಲ, ಯೂರೋಪಿನ ಲಿಂಡನ್ ಮರ. ಇದು ಯಾರಿಗೂ ಕಾಣೋದಿಲ್ಲ. ಆದರೂ ಒಂದು ನಿಯಮ ತಪ್ಪಿಸಬಾರದು: ಎಡಕ್ಕೆ ಒಂದು ಹಲಗೆ ಹಾಕಿದರೆ ಬಲಕ್ಕೂ ಒಂದು. ಒಂದೇ ಕಡೆ ಹಾಕುತ್ತಾ ಹೋದರೆ ಆ ಕಡೆಯ ಎಳೆತಕ್ಕೆ ಕೀಲ್ ಬಾಳೆಹಣ್ಣಿನ ಹಾಗೆ ಬಾಗುತ್ತೆ, ಆಮೇಲೆ ಅದನ್ನು ನೆಟ್ಟಗೆ ಮಾಡೋ ದಾರಿ ಇಲ್ಲ. ಈ ಪದರ ಮುಗಿಸಿದ್ದು ಅಕ್ಟೋಬರ್ ಮಳೆಯಲ್ಲಿ, ಹಾಗಾಗಿ 6 ವಾರ ಸುಮ್ನೆ ಬಿಟ್ಟೆ. ಮರ ಉದ್ದಕ್ಕೆ ಕುಗ್ಗೋದಿಲ್ಲ, ಅಗಲಕ್ಕೆ ಕುಗ್ಗುತ್ತೆ. ಒಣಗಿದ ಮೇಲೆ 3 ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ಆಗಲೇ ವಾಲ್‌ನಟ್ ಹಾಕಿದ್ದರೆ ಆ ಸಂದು ಮೇಲಕ್ಕೂ ಬರುತ್ತಿತ್ತು.

ಉಬ್ಬುತಗ್ಗು ಹಿಡಿದು ಕೊಟ್ಟಿದ್ದು ನಮ್ಮಪ್ಪ. ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಟ್ಯೂಬ್‌ಲೈಟ್ ಕೆಳಗೆ ನೋಡಿ "ನುಣ್ಣಗಾಗಿದೆ ಅಪ್ಪ" ಅಂದೆ. ಅವರು ಲೈಟ್ ಆರಿಸಿ, ಟಾರ್ಚನ್ನು ಹಡಗಿನ ಮೈಗೆ ತಾಗುವ ಹಾಗೆ ಪಕ್ಕದಿಂದ ಹಿಡಿದರು. "ಮೇಲಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ ಕಣೋ, ಓರೆಗೆ ಬಿಡು" ಅಂದರು. ಅಬ್ಬಾ, ನುಣ್ಣಗಿದ್ದ ಮೈ ಮೇಲೆ ನೆರಳಿನ ಗುಂಡಿಗಳು ಎದ್ದು ಕಂಡವು. ಡಯಲ್ ಮೇಲಿನ ಗೀರು ಹುಡುಕೋದೂ ಹೀಗೇ ಅಂತೆ. ಅವತ್ತಿಂದ ನನ್ನ ಮೇಜಿನ ಮೇಲೆ ಟಾರ್ಚ್ ಇಲ್ಲದ ದಿನ ಇಲ್ಲ. ಅವರ ಹಳೇ ಲೂಪ್ (ಕಣ್ಣಿಗೆ ಹಾಕಿಕೊಳ್ಳೋ ಭೂತಗನ್ನಡಿ) ಮತ್ತು ಚಿಮುಟವೂ ಈಗ ನನ್ನ ಹತ್ತಿರವೇ ಇವೆ.

ಆಮೇಲೆ ವಾಲ್‌ನಟ್. ಪಟ್ಟಿ ದಪ್ಪದ ದಿಕ್ಕಿಗೆ ಬಗ್ಗುತ್ತೆ, ಅಗಲದ ದಿಕ್ಕಿಗೆ ಬಗ್ಗಲ್ಲ. ಬಲವಂತ ಮಾಡಿದರೆ ಒಂದು ಅಂಚು ಮೇಲೇಳುತ್ತೆ, ಅಥವಾ ಸೀಳುತ್ತೆ. ಹಾಗಾಗಿ ಪಟ್ಟಿಯನ್ನು ತುದಿಗೆ ಸಣ್ಣ ಮಾಡಬೇಕು, ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. ಒಂದು ಕಾಗದದ ಪಟ್ಟಿಯನ್ನು ಹಡಗಿನ ನಡು ಭಾಗದಲ್ಲಿ ಮೇಲಿನ ದಪ್ಪ ಹಲಗೆಯಿಂದ ಕೀಲ್‌ವರೆಗೆ ಸುತ್ತಿ ಅಳೆದೆ: 104 ಮಿ.ಮೀ. ಅಂದರೆ 4 ಮಿ.ಮೀ.ನ 26 ಪಟ್ಟಿ. ಮೂತಿಯ ಹತ್ತಿರ ಅದೇ ಅಳತೆ 65. ಅಲ್ಲೂ 26 ಪಟ್ಟಿ ಹೋಗಬೇಕಾದರೆ ಒಂದೊಂದೂ 2.5 ಮಿ.ಮೀ. ಆಗಬೇಕು. ಅರ್ಧಕ್ಕಿಂತ, ಅಂದರೆ 2ಕ್ಕಿಂತ ಕಡಿಮೆ ಮಾಡಬಾರದು, ಮಾಡಿದರೆ ತುದಿ ಸೂಜಿ ಹಾಗಾಗಿ ಮುರಿಯುತ್ತೆ, ನೋಡೋದಕ್ಕೂ ಹಡಗಿನ ಹಲಗೆ ಅನ್ನಿಸಲ್ಲ. ಹಿಂಭಾಗದಲ್ಲಿ ಉಲ್ಟಾ, 117 ಬಂತು. ಅಲ್ಲಿ ಪಟ್ಟಿ ಸಾಲದೆ ಸಂದು ಉಳಿಯುತ್ತೆ. ಅದಕ್ಕೆ ನಡುವೆ 3 ಚೂಪು ತುಂಡು ಸೇರಿಸಿದೆ, ಸ್ಟೀಲರ್ ಅಂತಾರೆ. ದರ್ಜಿ ಅಂಗಿಯ ಕಂಕುಳಲ್ಲಿ ತುಂಡು ಬಟ್ಟೆ ಕೂರಿಸುತ್ತಾರಲ್ಲ, ಹಾಗೆ.

ಒಂದು ಪಟ್ಟಿ ಹೇಗೆ ಕೂರಿಸಿದೆ ಅಂತ ಪೂರ್ತಿ ಹೇಳುತ್ತೇನೆ. ಬಲಗಡೆ 9ನೇ ಸಾಲು, ಮೂತಿಯ ತುಂಡು. ನಿಜವಾದ ಹಲಗೆ ಆರೂವರೆ ಮೀಟರ್ ಅಂತ ಲೆಕ್ಕ ಹಾಕಿ 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿಕೊಂಡೆ. ತುದಿಯಲ್ಲಿ 2.5ಕ್ಕೆ ಗುರುತು ಮಾಡಿ, ಎರಡು ಸ್ಟೀಲ್ ಸ್ಕೇಲ್‌ಗಳ ನಡುವೆ ಓರೆಯಾಗಿ ಸಿಕ್ಕಿಸಿ, ಹೊರಗೆ ಉಳಿದದ್ದನ್ನು ಸಣ್ಣ ಉಜ್ಜುಗೊರಡಿನಿಂದ ತೆಗೆದೆ. ಈರುಳ್ಳಿ ಸಿಪ್ಪೆಗಿಂತ ತೆಳು ಸುರುಳಿ ಏಳುತ್ತೆ. ಅಂಚಿಗೆ ಪೆನ್ಸಿಲ್ ಉಜ್ಜಿದೆ, ಎರಡೂ ಅಂಚಿಗಲ್ಲ, ಒಂದಕ್ಕೆ ಮಾತ್ರ. ಹಲಗೆಗಳ ನಡುವೆ ನಾರು ತುರುಕಿ ಟಾರು ಬಳಿಯುತ್ತಿದ್ದ ಕಪ್ಪು ಗೆರೆ ಅದರಿಂದ ಬರುತ್ತೆ. ಆಮೇಲೆ 15 ನಿಮಿಷ ನೀರಲ್ಲಿ ನೆನೆಸಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಎರಡು ನಿಮಿಷ ಹಿಡಿದು, ಪಿವಿಸಿ ಪೈಪಿನ ತುಂಡಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಬೆಳಗ್ಗೆವರೆಗೆ ಬಿಟ್ಟೆ. ಒದ್ದೆ ಇದ್ದಾಗ ಅಂಟಿಸಬಾರದು. ಒದ್ದೆ ಪಟ್ಟಿ ಅಗಲಕ್ಕೆ ಊದಿರುತ್ತೆ, ಅಂಟಿಸಿದಾಗ ಪಕ್ಕದ್ದಕ್ಕೆ ಚೆನ್ನಾಗಿ ಕೂತ ಹಾಗೆ ಕಂಡರೂ ಒಣಗಿದಾಗ ಸಂದು ಬಿಡುತ್ತೆ. ಬೆಳಗ್ಗೆ ಬಿಚ್ಚಿದರೆ ಪಟ್ಟಿ ಬಾಗಿ ನಿಂತಿತ್ತು. ಜಾಗಕ್ಕೆ ಹಿಡಿದೆ, ಬೆರಳಿನ ಒತ್ತಡವೇ ಬೇಡ, ತಾನೇ ಕೂತಿತು. ಹಾಗೆ ಕೂರುವವರೆಗೆ ಅಂಟು ತೆಗೆಯಬಾರದು ಅಂತ ನಾನು ನಿಯಮ ಮಾಡಿಕೊಂಡಿದ್ದೆ. ಕೂರದಿದ್ದರೆ ಪಟ್ಟಿಯನ್ನು ಇನ್ನೊಂದು ಸಲ ಉಜ್ಜಬೇಕು, ಅಥವಾ ಹೊಸದು ಮಾಡಬೇಕು. ಒಂದೊಂದು ರಾತ್ರಿ ಎರಡೇ ಪಟ್ಟಿ ಆಗುತ್ತಿತ್ತು.

ಅಂಟಿನ ವಿಷಯದಲ್ಲಿ ಪೆಟ್ಟು ತಿಂದೆ. ಮೊದಲ 7 ಸಾಲು ಫೆವಿಕ್ವಿಕ್‌ನಲ್ಲಿ ಅಂಟಿಸಿದ್ದೆ, ತಕ್ಷಣ ಹಿಡಿಯುತ್ತೆ ಅಂತ. ಅಂಚಿನಿಂದ ಉಕ್ಕಿ ಬಂದ ಅಂಟು ಮರದ ಒಳಕ್ಕೆ ಇಳಿದಿತ್ತು. ಉಜ್ಜಿದ ಮೇಲೆ ಏನೂ ಕಾಣಲಿಲ್ಲ. ಒಂದು ಕಡೆ ಪರೀಕ್ಷೆಗೆ ಪಾಲಿಶ್ ಹಚ್ಚಿದಾಗ ಅಲ್ಲಲ್ಲಿ ಮಚ್ಚೆ ಎದ್ದವು, ಅಂಟು ಕುಡಿದ ಜಾಗ ಪಾಲಿಶ್ ಕುಡಿಯಲಿಲ್ಲ. ಏಳೂ ಸಾಲು ಬ್ಲೇಡಿನಿಂದ ಕಿತ್ತು ತೆಗೆದೆ. ಆಮೇಲೆ ಬೇರೆ ದಾರಿ ಹಿಡಿದೆ. ಹಡಗಿನ ಮೈಗೂ ಪಟ್ಟಿಯ ಹಿಂಬದಿಗೂ ಮಾಮೂಲಿ ಬಿಳಿ ಫೆವಿಕಾಲ್ ತೆಳ್ಳಗೆ ಹಚ್ಚಿ, ಪಾರದರ್ಶಕ ಆಗೋವರೆಗೆ ಒಣಗಿಸಿ, ಪಟ್ಟಿ ಜಾಗಕ್ಕೆ ಇಟ್ಟು ಸಣ್ಣ ಇಸ್ತ್ರಿ ಪೆಟ್ಟಿಗೆಯ ತುದಿಯಿಂದ ಮೆಲ್ಲಗೆ ಒತ್ತೋದು. ಬಿಸಿಗೆ ಅಂಟು ಕರಗಿ ಹಿಡಿಯುತ್ತೆ. ತಪ್ಪಾದರೆ ಮತ್ತೆ ಬಿಸಿ ಮಾಡಿ ಎತ್ತಬಹುದು, ಉಕ್ಕಿ ಬರೋ ಅಂಟೂ ಇಲ್ಲ. ಬಿಸಿ ಜಾಸ್ತಿ ಆದರೆ ಪಟ್ಟಿ ಸುಟ್ಟ ಗುರುತು ಬೀಳುತ್ತೆ, ಅದಕ್ಕೆ ಮಧ್ಯೆ ಒಂದು ಬಿಳಿ ಕಾಗದ ಇರಲಿ. ಇದನ್ನೆಲ್ಲ ಕಲಿತಿದ್ದು ಆ ಮುರಿದ 14 ಪಟ್ಟಿಗಳ ಮೇಲೆ. ಆಮೇಲೆ ಒಳ್ಳೇ ಪಟ್ಟಿ ಒಂದೂ ಹಾಳಾಗಲಿಲ್ಲ.

ಕಿತ್ತ 7 ಸಾಲಿಗೆ ಪಟ್ಟಿ ಕಡಿಮೆ ಬಿತ್ತು. ಬೆಂಗಳೂರಿನ ಪ್ಲೈವುಡ್ ಅಂಗಡಿಯಲ್ಲಿ ಬಿಡಿ ವಾಲ್‌ನಟ್ ವಿನೀರ್ ಹಾಳೆ ಸಿಕ್ಕಿತು, ದಪ್ಪ ಅದೇ ಅರ್ಧ ಮಿಲಿಮೀಟರ್. ಬಣ್ಣ ಒಂದು ಛಾಯೆ ಕಪ್ಪು. ಅದನ್ನು ಒಂದೇ ಕಡೆ ಹಾಕದೆ ಎರಡೂ ಬದಿ ಬೆರೆಸಿ ಹಾಕಿದೆ. ಈಗ ನೋಡಿದರೆ ಬೇರೆ ಬೇರೆ ಮರದ ಹಲಗೆ ಹಾಕಿದ ನಿಜವಾದ ಹಡಗಿನ ಹಾಗೆ ಕಾಣುತ್ತೆ. ನನಗಂತೂ ಮೊದಲಿಗಿಂತ ಇದೇ ಇಷ್ಟ.

ಸಣ್ಣ ಸಂದುಗಳಿಗೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಅದು ಪಾಲಿಶ್ ಕೆಳಗೆ ಕಪ್ಪು ಕಲೆ ಆಗುತ್ತೆ. ವಾಲ್‌ನಟ್ ಸೀಳು ತೆಗೆದು ಸಂದಿಗೆ ತೂರಿಸಿ, ಮೇಲೆ ಉಳಿದದ್ದನ್ನು ಕತ್ತರಿಸಿದರೆ ಎಲ್ಲಿ ಹಾಕಿದ್ದೇವೆ ಅಂತ ನಮಗೇ ಗೊತ್ತಾಗಲ್ಲ.

ಉಜ್ಜೋದು 240 ನಂಬರ್ ಮರಳು ಕಾಗದದಿಂದ ಶುರು, 320, ಆಮೇಲೆ 400; ನಂಬರ್ ಜಾಸ್ತಿ ಆದಷ್ಟು ಕಾಗದ ನುಣುಪು. 120 ಕಾಗದ ವಾಲ್‌ನಟ್ ಹತ್ತಿರ ತರಲೇಬೇಡಿ, ಅರ್ಧ ಮಿಲಿಮೀಟರ್ ಎಷ್ಟು ಬೇಗ ಮುಗಿಯುತ್ತೆ ಅಂದರೆ ಒಳಗಿನ ಬಿಳಿ ಮರ ಕಂಡ ಮೇಲೇ ಗೊತ್ತಾಗೋದು. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ವಾಲ್‌ನಟ್ ಪುಡಿ ನನಗೆ ಎರಡು ದಿನ ಗಂಟಲು ಕೆರೆತ ತಂದಿತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡು ಬೆರಳ ತುದಿ ಆಡಿಸಬೇಕು. ಕಣ್ಣಿಗೆ ತಪ್ಪಿದ ಸಣ್ಣ ಏರಿಳಿತ ಬೆರಳಿಗೆ ಸಿಗುತ್ತೆ.

ನಿಜವಾದ ಬೌಂಟಿಯ ತಳಕ್ಕೆ ತಾಮ್ರದ ತಗಡು ಹೊಡೆದಿದ್ದರು, ಹುಳು ಮರ ಕೊರೆಯದಿರಲಿ ಅಂತ. ಕಿಟ್‌ನಲ್ಲೂ ತಾಮ್ರದ ಚೂರುಗಳು ಬಂದಿದ್ದವು. ಹಾಕಲಿಲ್ಲ. ಇಷ್ಟು ಪಟ್ಟಿಗಳ ಮೇಲೆ ತಗಡು ಮುಚ್ಚೋ ಮನಸ್ಸು ಬರಲಿಲ್ಲ. ಅರಗಿನ ಸ್ಪಿರಿಟ್ ಪಾಲಿಶ್ ತೆಳ್ಳಗೆ ಮಾಡಿ ಹತ್ತಿಬಟ್ಟೆಯಲ್ಲಿ 4 ಸಲ ಒರೆಸಿದೆ. ಮೊದಲ ಒರೆತಕ್ಕೇ ಧೂಳು ಬಣ್ಣದ ಮರ ಒಳಗಿಂದ ಕೆಂಪಗೆ, ಕಾಫಿ ಬಣ್ಣಕ್ಕೆ ತಿರುಗಿದ್ದು ನೋಡಿ ಮಗಳನ್ನು ಕೂಗಿ ಕರೆದೆ.

ಎಡಗಡೆಯ ಕೊನೇ ಪಟ್ಟಿಗೆ ಜಾಗ ಒಂದು ತುದಿಯಲ್ಲಿ 3.4, ಇನ್ನೊಂದು ತುದಿಯಲ್ಲಿ 2.7 ಮಿ.ಮೀ. ಉಳಿದಿತ್ತು. ಅಪ್ಪ ಲೂಪ್ ಹಾಕಿಕೊಂಡು ಪಕ್ಕದಲ್ಲೇ ಕೂತರು. ಮೂರು ಸಲ ಉಜ್ಜಿ, ಮೂರು ಸಲ ಇಟ್ಟು ನೋಡಿದೆ. ನಾಲ್ಕನೇ ಸಲ ಕೂತಿತು. ಅಪ್ಪ ಉಗುರಿನಿಂದ ಅಂಚು ಎರಡು ಸಲ ಕೆರೆದು ನೋಡಿ, "ಹಾಕು" ಅಂದರು.

ಈಗ ಹಡಗು ಅಟ್ಟಣಿಗೆಯ ಕೆಳಗಿನ ಮೇಜಿನ ಮೇಲಿದೆ. ಪಟಸ್ತಂಭ ಇನ್ನೂ ಬಾಕಿ. ದಾರಕ್ಕೆಲ್ಲ ಜೇನುಮೇಣ ಸವರಿ ಇಟ್ಟಿದ್ದೇನೆ, ಅಪ್ಪನ ಚಿಮುಟ ಪಕ್ಕದಲ್ಲೇ ಇದೆ.