‘ನಿನ್ನೆ ಏನೇನು ಮಾಡಿದಿರಿ?’ ಎಂದು ಕೇಳಿ ಧಾರ್ಮಿಕತೆ ಅಳೆದ ನನ್ನ ಅನುಭವ

ಧಾರ್ಮಿಕತೆ ಅಳೆಯುವ ಪ್ರಶ್ನಾವಳಿಗೆ, ಅಂದರೆ ಸ್ಕೇಲಿಗೆ, ಜನರ ನಿನ್ನೆಯ ದಿನಚರಿ ಜೋಡಿಸಬೇಡ, ದುಡ್ಡು ಅರ್ಧದಲ್ಲೇ ಮುಗಿಯುತ್ತದೆ ಎಂದು ತಂಡದವರೆಲ್ಲ ಹೆದರಿಸಿದ್ದರು. ಈಗ ಅವರೇ ನನ್ನ ಫಾರ್ಮ್ ಕೇಳುತ್ತಿದ್ದಾರೆ.

ಹಿಡಿದದ್ದು ಸಂಶೋಧಕ ಸ್ಟೀಫನ್ ಹ್ಯೂಬರ್ ಅವರ ಸ್ಕೇಲಿನ ಏಳು ಐಟಂಗಳ (ಪ್ರಶ್ನೆಗಳ) ಆವೃತ್ತಿ. ಏಕೆಂದರೆ ಮಾದರಿಯಲ್ಲಿ (ಆಯ್ದ ಜನರಲ್ಲಿ) ಹಲವು ಮತದವರಿದ್ದರು. ಐದು ಐಟಂಗಳದ್ದು ಧ್ಯಾನದ ಬಗ್ಗೆ ಕೇಳುವುದೇ ಇಲ್ಲ. ಪೈಲಟ್‌ನಲ್ಲಿ (ಪೂರ್ವಪರೀಕ್ಷೆಯಲ್ಲಿ) ಮುಕ್ಕಾಲು ಪಾಲು ಜನರ ಸರಾಸರಿ 5ಕ್ಕೆ 4ರ ಮೇಲೆ. ಅಂದರೆ ಊರಿಗೆ ಊರೇ ‘ಅತಿ ಧಾರ್ಮಿಕ’! ಆಲ್ಫಾ (ಐಟಂಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, ಗರಿಷ್ಠ 1) 0.88ರ ಆಸುಪಾಸು ಬಂತೆಂದು ಹಣ ಕೊಟ್ಟವರು ಹಿಗ್ಗಿದರು. ಎಲ್ಲದಕ್ಕೂ ಹೂಂಗುಟ್ಟುವವರ ಆಲ್ಫಾ ಚೆನ್ನಾಗಿಯೇ ಇರುತ್ತದೆ.

ಆ ಹೂಂಗುಟ್ಟುವಿಕೆ ತಡೆಯಲು ಎರಡನೇ ಪೈಲಟ್‌ಗೆ ನಕಾರಾತ್ಮಕ ವಾಕ್ಯಗಳನ್ನು ಸೇರಿಸಿದೆವು. ‘ಇಲ್ಲ’ ಎಂಬ ವಾಕ್ಯಕ್ಕೆ ‘ಇಲ್ಲ’ ಎಂದು ಒಪ್ಪಿದರೋ, ಅಲ್ಲಗಳೆದರೋ ಸಂದರ್ಶಕರಿಗೇ ತಿಳಿಯಲಿಲ್ಲ. ಆ ಐಟಂಗಳೆಲ್ಲ ಸೇರಿ ಉಳಿದವುಗಳ ಜೊತೆ ಬೆರೆಯದೆ ತಮ್ಮದೇ ಒಂದು ಫ್ಯಾಕ್ಟರ್ (ಬೇರೆಯೇ ಗುಂಪು) ಕಟ್ಟಿಕೊಂಡವು. ಮುದ್ರಣ, ಪ್ರಯಾಣ, ಭತ್ಯೆ ಎಲ್ಲ ನೀರುಪಾಲು.

ಅಮೆರಿಕದಲ್ಲಿ 1993ರಲ್ಲೇ ಹ್ಯಾಡವೇ, ಮಾರ್ಲರ್, ಚಾವೆಸ್ ಎಂಬ ಸಂಶೋಧಕರು ಚರ್ಚಿನ ನಿಜವಾದ ಹಾಜರಿ ಜನ ಹೇಳಿಕೊಳ್ಳುವುದರ ಸುಮಾರು ಅರ್ಧದಷ್ಟೇ ಎಂದು ತೋರಿಸಿದ್ದರು. 1998ರಲ್ಲಿ ಪ್ರಕಟವಾದ ಪ್ರೆಸ್ಸರ್ ಮತ್ತು ಸ್ಟಿನ್ಸನ್ ಅಧ್ಯಯನದಲ್ಲಿ, ನೇರವಾಗಿ ಕೇಳುವ ಬದಲು ದಿನಚರಿ ಕೇಳಿದಾಗಲೂ ಹಾಜರಿಯ ಸಂಖ್ಯೆ ಇಳಿದಿತ್ತು. ನಾನು ಅದೇ ಜಾಡು ಹಿಡಿದೆ: ಮೊದಲು, ಧರ್ಮದ ಸುಳಿವೇ ಕೊಡದೆ, ನಿನ್ನೆ ಎದ್ದಾಗಿನಿಂದ ಮಲಗುವವರೆಗಿನ ಕಥೆ, ಸ್ಕೇಲು ಕಟ್ಟಕಡೆಗೆ. ದಿನವೂ ಪ್ರಾರ್ಥಿಸುತ್ತೇವೆ ಎಂದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರ ‘ನಿನ್ನೆ’ಯಲ್ಲಷ್ಟೇ ಪ್ರಾರ್ಥನೆ ಸಿಕ್ಕಿತು. ವಾರಕ್ಕೊಮ್ಮೆ ಎನ್ನುವವರನ್ನು ಒಂದು ದಿನದಿಂದ ಅಳೆಯಲಾಗದು. ಅದಕ್ಕೇ ಸಂದರ್ಶನಗಳನ್ನು ವಾರದ ಏಳೂ ದಿನಕ್ಕೆ ಹರಡಿ, ಗುಂಪಿನ ಮಟ್ಟದಲ್ಲಷ್ಟೇ ಲೆಕ್ಕ ಹಾಕಿದೆ.

ಸಂದರ್ಶನದ ಸಮಯ ಇಮ್ಮಡಿಯಾಯಿತು. ಮಾದರಿಯಲ್ಲಿ ಮೂರನೇ ಒಂದು ಭಾಗ ಕತ್ತರಿಸಿ, ಫಾರ್ಮಿಗಿಷ್ಟು ಎಂಬ ಕೂಲಿ ಬಿಟ್ಟು ದಿನಗೂಲಿ ಮಾಡಿದೆ. ಫಾರ್ಮ್ ಎಣಿಸಿ ಕೂಲಿ ಕೊಟ್ಟರೆ ಸಂದರ್ಶಕರು ಬರೆದುಕೊಳ್ಳುವ ಯಾರ ದಿನಚರಿಯೂ ನಾಲ್ಕು ಸಾಲು ದಾಟುವುದಿಲ್ಲ.

ನಡುವೆ ಒಂದು ಉಪಪ್ರಯೋಗ: ಸ್ಕೇಲನ್ನು ಟ್ಯಾಬ್ಲೆಟ್‌ನಲ್ಲಿ ಅವರೇ ತುಂಬಲಿ ಎಂದು ಬಿಟ್ಟೆ. ಯುವಕರ ಸರಾಸರಿ 0.3ರಷ್ಟು ಇಳಿಯಿತು. ಹಿರಿಯರು ಟ್ಯಾಬ್ಲೆಟ್ಟನ್ನು ಮೊಮ್ಮಕ್ಕಳ ಕೈಗಿತ್ತರು, ಉತ್ತರ ಮನೆಮಂದಿಯದ್ದಾಯಿತು. ಕೈಬಿಟ್ಟೆ.

ಮನಸ್ಸಿನಲ್ಲೇ ಮಾಡುವ ಸಣ್ಣ ಪ್ರಾರ್ಥನೆ ದಿನಚರಿಯಲ್ಲಿ ತಾನಾಗಿ ಬರುವಂತೆ ಮಾಡುವ ಒಂದು ಮರುಪ್ರಶ್ನೆ ಇದೆ. ಪ್ರಬಂಧ ಅಚ್ಚಾಗುವವರೆಗೆ ಅದು ನನ್ನ ಬಳಿಯೇ ಇರಲಿ. ದೈವಾನುಭವದ ಐಟಂಗಳಿಗೆ ಮಾತ್ರ ದಿನಚರಿ ನೆರವಾಗಲಿಲ್ಲ. ಅವು ಸ್ಕೇಲಿನಲ್ಲೇ ಉಳಿದಿವೆ. ಮತಗಳ ನಡುವೆ ಸ್ಕೇಲರ್ ಇನ್‌ವೇರಿಯನ್ಸ್ (ಒಂದೇ ಅಂಕಕ್ಕೆ ಎಲ್ಲ ಮತದವರಲ್ಲೂ ಒಂದೇ ಅರ್ಥ ಇರುವುದು) ಸಿಗದ ಕಾರಣ ಆ ಸರಾಸರಿಗಳನ್ನು ನಾನು ಹೋಲಿಸಿಲ್ಲ.